ಮಣ್ಣಿಯ ಬಟ್ಟೆ

ಅನ್ನಪ್ರಾಶನದ ಪಾಯಸದ ಬಗ್ಗೆ ಬರೆಯುತ್ತೇನೆ ಎಂದು ಕಳೆದ ವಾರ ಹೇಳಿದ್ದೆ. ಆರನೆಯ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನ ಉಣ್ಣಿಸಬೇಕು ಎನ್ನುತ್ತಾನೆ ಸುಶ್ರುತ. ಕಾಶ್ಯಪ ಸಂಹಿತೆ ಆರಕ್ಕೆ ಹಣ್ಣಿನ ರುಚಿ ತೋರಿಸಿ, ಅನ್ನವನ್ನು ಹತ್ತಕ್ಕೆ ಇಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆಯಿತ್ತು. ಅಷ್ಟರಲ್ಲಿ, ಮೊನ್ನೆಯಷ್ಟೇ ಆನೆಗುಡ್ಡೆಯಲ್ಲಿ ಮಗುವಿಗೆ ಅನ್ನಪ್ರಾಶನ ಮಾಡಿಸಿಕೊಂಡು ತೆಕ್ಕಟ್ಟೆಗೆ ಬಂದ ನೆರೆಮನೆಯ ಸೊಸೆ ಬಟ್ಟಲು ಹಿಡಿದು ಬಂದಳು. "ಅಕ್ಕಾ, ಬಾಯಿಗಿಟ್ಟದ್ದೆಲ್ಲ ಹೊರಗೇ ಬತ್ತ್ ಕಾಣಿ."

ಬಟ್ಟಲಲ್ಲಿ ರಾಗಿ ಮಣ್ಣಿ. ಚಮಚ ಓರೆ ಮಾಡಿದೆ, ನೀರಿನಂತೆ ಹರಿಯಿತು. ಪಾಯಸ ಮುಂದಿನ ವಾರಕ್ಕಿರಲಿ.

ಹೊರಗೆ ಬಂತೆಂದರೆ ಮಗುವಿಗೆ ಬೇಡವೆಂದಲ್ಲ. ಇಷ್ಟು ದಿನ ಚೀಪಿ ಬದುಕಿದ ನಾಲಗೆಗೆ ಮುಂದಕ್ಕೆ ತಳ್ಳುವುದು ಗೊತ್ತು, ಹಿಂದಕ್ಕೆ ಸಾಗಿಸುವುದನ್ನು ಈಗ ಕಲಿಯಬೇಕು. ನೀರಾದ ಮಣ್ಣಿ ಆ ನಾಲಗೆಗೆ ಹಿಡಿತ ಕೊಡುವುದಿಲ್ಲ. ಓರೆ ಮಾಡಿದ ಚಮಚದಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಜಾರಬೇಕು. ಆ ಪ್ರಾಯದ ಹೊಟ್ಟೆ ಹಿಡಿಯುವುದೇ ಸುಮಾರು 200 ಮಿಲಿಲೀಟರ್. ಅಷ್ಟು ಜಾಗವನ್ನು ನೀರಿಗೆ ಕೊಟ್ಟರೆ ಮಗು ಬೆಳೆಯುವುದು ಯಾವುದರಿಂದ?

ತೆಳು ಮಾಡುವ ಈ ಅಭ್ಯಾಸ ಬಂದದ್ದು ಬಾಟ್ಲಿಯಿಂದ. ನಿಪ್ಪಲಿನ ತೂತನ್ನು ಕಾಸಿದ ಸೂಜಿಯಿಂದ ದೊಡ್ಡದು ಮಾಡಿ ಮಣ್ಣಿ ಕುಡಿಸುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಹಳೆಯ ಓದುಗರಿಗೆ ಅದು ಗೊತ್ತು. ಹಾಲಿನ ಪುಡಿ ಮತ್ತು ಬಾಟ್ಲಿಯ ಜಾಹೀರಾತನ್ನು ತಡೆಯುವ ಕಾಯಿದೆ 1992ರಲ್ಲೇ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ ತೊಟ್ಟಿಲ ಶಾಸ್ತ್ರದ ಉಡುಗೊರೆಯಲ್ಲಿ ಬಾಟ್ಲಿ ಇದ್ದೇ ಇರುತ್ತದೆ. ಒಳಲೆ ತಂದುಕೊಡುವವರು ಯಾರೂ ಇಲ್ಲ.

ಘಟ್ಟದ ಮೇಲಿನವರ ಜೊತೆಗೂ ನನ್ನದೊಂದು ವಾದ ಇದೆ. ರಾಗಿಯನ್ನು ಮೊಳಕೆ ಬರಿಸಿ, ಹುರಿದು, ಪುಡಿ ಮಾಡಿದ ಸರಿಯೇ ಹೆಚ್ಚು ಎನ್ನುತ್ತಾರೆ ಅವರು. ನಾವು ನೆನೆಸಿ, ಕಡೆದು, ಬಟ್ಟೆಯಲ್ಲಿ ಹಿಂಡಿ, ತಳಕ್ಕೆ ಕೂತ ಹಿಟ್ಟನ್ನೇ ಮಣ್ಣಿ ಕಾಸುವವರು. ಆ ನುಣುಪಿಗೆ ಸರಿ ಸಮ ಬರುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಎರಡು ಮಾತು ಒಪ್ಪಲೇಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅದರ ಹೆಚ್ಚಿನ ಪಾಲು ಸಿಪ್ಪೆಯಲ್ಲಿದೆ. ಬಟ್ಟೆಯಲ್ಲಿ ಉಳಿದ ಚರಟವನ್ನು ನಾವು ದನದ ಅಕ್ಕಚ್ಚಿಗೆ ಹಾಕುತ್ತೇವೆ. ಎರಡನೆಯದು, ಮೊಳಕೆಯೊಳಗಿನ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬರೋಡಾದ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ 1980ರ ದಶಕದಲ್ಲಿ ಕೆಲಸ ಮಾಡಿದ್ದು ಇದರ ಮೇಲೆಯೇ. ದಪ್ಪಗೆ ಕಾಸಿದ ಮಣ್ಣಿಯನ್ನು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಮೊಳಕೆಯ ಹಿಟ್ಟು ಒಂದು ಚಮಚ ಹಾಕಿ ಕದಡಿ. ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ, ಮತ್ತೊಂದು ಕುದಿ ಬರಿಸಿದರಾಯಿತು. ನೀರು ಸೇರಿಸದೆಯೇ ಹದ ಸಿಗುತ್ತದೆ.

ಹಾಗಾಗಿ ನನ್ನ ಕ್ರಮ ಹೀಗೆ. ಮೊದಲ ಎರಡು ಮೂರು ವಾರ ಒತ್ತು ನೇಯ್ಗೆಯ ಬಟ್ಟೆ. ಆಮೇಲೆ ಸಡಿಲ ನೇಯ್ಗೆಯದು. ಅದಾದ ಮೇಲೆ ಚಾ ಸೋಸುವ ಜರಡಿ. ಎಂಟು ತಿಂಗಳ ಹೊತ್ತಿಗೆ ಸೋಸುವುದೇ ಬೇಡ. ಕುಚ್ಚಲಕ್ಕಿ ಗಂಜಿಯ ಅನ್ನವನ್ನು ಬೆರಳಲ್ಲಿ ನುರಿದು, ತುಪ್ಪ ಹಾಕಿ, ಮೊಟ್ಟೆ ಮೀನು ತಿನ್ನುವ ಮನೆಯಾದರೆ ಮುಳ್ಳು ಬಿಡಿಸಿದ ಮೀನೋ ಬೇಯಿಸಿದ ಮೊಟ್ಟೆಯೋ ಸೇರಿಸಿ ಕೊಡಿ. ಹುಟ್ಟುವಾಗ ತಂದ ಕಬ್ಬಿಣಾಂಶ ಆರು ತಿಂಗಳಿಗೆ ಕರಗಿರುತ್ತದೆ, ಮಣ್ಣಿಯೊಂದೇ ಅದನ್ನು ತುಂಬಲಾರದು. ಹತ್ತು ತಿಂಗಳು ದಾಟಿದರೂ ನುಣುಪನ್ನೇ ಉಣಿಸಿದರೆ ಆಮೇಲೆ ಅನ್ನದ ಅಗುಳು ಕಂಡರೂ ಓಕರಿಸುವ ಮಕ್ಕಳಾಗುತ್ತಾರೆ. ಉಪ್ಪು ಸಕ್ಕರೆ ವರ್ಷದೊಳಗೆ ಬೇಡ. ಜೇನಂತೂ ಬೇಡವೇ ಬೇಡ, ಅದನ್ನು ಹಿಂದೆಯೇ ಬರೆದಿದ್ದೇನೆ.

ಸಂಜೆ ಅವಳ ಮನೆಗೆ ಹೋಗಿ ಮಣ್ಣಿ ನಾನೇ ಕಾಸಿದೆ. ಮೊದಲ ಎರಡು ಚಮಚ ಗಲ್ಲಕ್ಕೇ ಬಂತು. ಮೂರನೆಯದರಲ್ಲಿ ಅರ್ಧ ಒಳಗೆ ಹೋಯಿತು. ಹಳೆಯ ಪಂಚೆಯ ಎರಡು ತುಂಡು ಕೊಟ್ಟು ಬಂದಿದ್ದೇನೆ, ಒಂದು ಒತ್ತು ನೇಯ್ಗೆಯದು, ಇನ್ನೊಂದು ಸಡಿಲ. ಮುಂದಿನ ತಿಂಗಳ ಸಂಕಷ್ಟಿಗೆ ಎರಡನೆಯದನ್ನು ತೆಗೆಯಬೇಕು.