ಗಂಟಲಿಗೂ ವಯಸ್ಸಾಗುತ್ತದೆ

ನಮ್ಮ ಕಡೆಯ ಜನಪದ ಕಾವ್ಯಗಳ ನಾಯಕರಾದ ಮಾದಪ್ಪನ (ಮಲೆಯ ಮಾದೇಶ್ವರನ) ಮೇಲೆ, ಮಂಟೇದಯ್ಯನ (ಮಂಟೇಸ್ವಾಮಿಯ) ಮೇಲೆ ನಮ್ಮ ವಿದ್ವಾಂಸರು ಬರೆದದ್ದಕ್ಕೆ ಲೆಕ್ಕವಿಲ್ಲ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಕಾವ್ಯಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಅದರ ಇಂಗ್ಲಿಷ್ ಅನುವಾದವನ್ನೂ ತಂದಿತು. ಮಾದೇಶ್ವರ ಕಾವ್ಯದ ಶ್ರವಣದೊರೆಯ ಕೊಲೆಯಲ್ಲಿ ಚರಿತ್ರೆ ಎಷ್ಟು, ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲಿನಲ್ಲಿ (ಸಾಲು ಅಂದರೆ ಕಾವ್ಯದ ಒಂದು ಕಥಾಭಾಗ) ಬಸವಣ್ಣನಿಗೆ ಮಂಟೇಸ್ವಾಮಿ ಒಡ್ಡುವ ಪರೀಕ್ಷೆಯ ಅರ್ಥವೇನು, ಮಾದೇಶ್ವರ ಕಾವ್ಯದ ಸಂಕಮ್ಮನ ನೋವು ಯಾರ ನೋವು ಎಂದೆಲ್ಲ ಚರ್ಚೆ ನಡೆದಿದೆ. ನಡೆಯಬೇಕಾದದ್ದೇ. ಆದರೆ ಇಷ್ಟೂ ಕಾವ್ಯ ಹೊರಬಂದದ್ದು ಮನುಷ್ಯರ ಗಂಟಲಿನಿಂದ. ಆ ಗಂಟಲಿಗೆ ಇಪ್ಪತ್ತೈದರಲ್ಲಿ ಒಂದು ದನಿ, ಐವತ್ತರಲ್ಲಿ ಇನ್ನೊಂದು, ಎಪ್ಪತ್ತರಲ್ಲಿ ಮತ್ತೊಂದು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಾಡಿಕೆ ಈ ಬದಲಾವಣೆಯನ್ನು ಹೇಗೆ ನಿಭಾಯಿಸಿಕೊಂಡು ಬಂದಿದೆ ಎಂಬುದು ನನಗೆ ಕಥೆಯಷ್ಟೇ ಮುಖ್ಯವಾದ ಪ್ರಶ್ನೆ.

ಮೊದಲು ಶರೀರದ ಸಂಗತಿ. ಗಂಟಲಿನೊಳಗಿನ ಎರಡು ಧ್ವನಿತಂತುಗಳು ಉಸಿರಿನ ಒತ್ತಡಕ್ಕೆ ಕಂಪಿಸಿದರೆ ನಾದ. ಎತ್ತರದ ಸ್ವರ ಬೇಕಾದರೆ ಅವನ್ನು ಬಿಗಿಯಾಗಿ ಎಳೆದು ತೆಳುವಾಗಿಸಬೇಕು. ವಯಸ್ಸಾದಂತೆ ಗಂಟಲಿನ ಮೃದ್ವಸ್ಥಿ ಗಟ್ಟಿಯಾಗುತ್ತ ಮೂಳೆಯ ಗುಣ ಪಡೆಯುತ್ತದೆ, ಸ್ನಾಯು ಸೊರಗುತ್ತದೆ, ಶ್ವಾಸಕೋಶದ ಸ್ಥಿತಿಸ್ಥಾಪಕತೆ ಇಳಿದು ಉಸಿರು ಗಿಡ್ಡವಾಗುತ್ತದೆ. ಇಲ್ಲಿಯವರೆಗೆ ಗಂಡಸು ಹೆಂಗಸು ಎಂಬ ದೊಡ್ಡ ಭೇದವಿಲ್ಲ. ಮುಂದೆ ದಾರಿ ಕವಲೊಡೆಯುತ್ತದೆ. ಮುಟ್ಟು ನಿಂತ ಮೇಲೆ ಹೆಣ್ಣಿನ ಧ್ವನಿತಂತುಗಳು ದಪ್ಪವಾಗಿ ದನಿ ಕೆಳಗಿಳಿಯುತ್ತದೆ. ಮುಪ್ಪಿನಲ್ಲಿ ಗಂಡಸಿನ ತಂತುಗಳು ಸವೆದು ತೆಳುವಾಗಿ ದನಿ ಕೊಂಚ ಮೇಲೇರುತ್ತದೆ, ಜೊತೆಗೆ ಕಸುವು ಕಳೆದು ಗಾಳಿ ಬೆರೆತಂತಾಗುತ್ತದೆ. ಊರ ಜಗಲಿಯ ಮೇಲೆ ಕೂತ ಅಜ್ಜ ಅಜ್ಜಿಯರ ದನಿ ಒಂದೇ ಥರ ಕೇಳಿಸುವುದು ಇದಕ್ಕೇ.

ಪಶ್ಚಿಮದ ಒಪೆರಾದಲ್ಲಿ ಈ ಬದಲಾವಣೆಯ ಪೆಟ್ಟು ನೇರವಾಗಿ ಬೀಳುವುದು ಸೊಪ್ರಾನೊಗಳ ಮೇಲೆ, ಅಂದರೆ ಅತಿ ಎತ್ತರದ ಹೆಣ್ಣುದನಿಯ ಗಾಯಕಿಯರ ಮೇಲೆ. ಅವರು ಮುಟ್ಟಬೇಕಾದ ಮೇಲಿನ ಸ್ವರದಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಕಂಪಿಸುತ್ತವೆ. ಮೈಕಿಲ್ಲ, ಎದುರಿಗೆ ಇಡೀ ವಾದ್ಯವೃಂದ. ಅದಕ್ಕಿಂತ ಕ್ರೂರವಾದದ್ದು, ಸ್ವರ ಎಲ್ಲಿರಬೇಕೆಂದು ಸಂಗೀತ ಬರೆದವನು ನೂರಿನ್ನೂರು ವರ್ಷದ ಹಿಂದೆಯೇ ಗೊತ್ತುಮಾಡಿ ಹೋಗಿದ್ದಾನೆ. ನನ್ನ ಗಂಟಲು ಈ ವರ್ಷ ಒಂದು ಮನೆ ಇಳಿದಿದೆ ಎಂದರೆ ಕೇಳುವವರಿಲ್ಲ. ವಯಸ್ಸಾದಂತೆ ದನಿಯ ಸಹಜ ಕಂಪನ ನಿಧಾನವಾಗಿ, ಅಗಲವಾಗಿ, ಕೊನೆಗೆ ಸ್ವರವೇ ಓಲಾಡುತ್ತದೆ. 1923ರಲ್ಲಿ ಹುಟ್ಟಿದ ಮರಿಯಾ ಕಲಾಸ್ ಒಪೆರಾ ರಂಗದ ಮೇಲೆ ಕೊನೆಯದಾಗಿ ನಿಂತದ್ದು 1965ರಲ್ಲಿ, ಲಂಡನ್ನಿನಲ್ಲಿ. ಆಗಿನ್ನೂ ನಲವತ್ತೊಂದು ವರ್ಷ. ಮಿರೆಲ್ಲಾ ಫ್ರೇನಿ ಎಪ್ಪತ್ತರವರೆಗೂ ಹಾಡಿ 2005ರಲ್ಲಿ ನಿವೃತ್ತರಾದರು. ದನಿಗೆ ಒಗ್ಗದ ಪಾತ್ರಗಳನ್ನು ನಿಷ್ಠುರವಾಗಿ ಬೇಡವೆನ್ನುತ್ತ ಬಂದದ್ದು ಅವರನ್ನು ಉಳಿಸಿತು ಎನ್ನುತ್ತಾರೆ. ಅಂತೂ ಅಲ್ಲಿ ಪಾತ್ರಕ್ಕೆ ತಕ್ಕಂತೆ ಗಂಟಲಿರಬೇಕು, ಇಲ್ಲವೇ ಪಾತ್ರ ಬಿಡಬೇಕು.

ನಮ್ಮ ಕಡೆ ಕಥೆ ಮಾಡುವವರ ಲೆಕ್ಕಾಚಾರವೇ ಬೇರೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಮೇಳವೊಂದನ್ನು ಹತ್ತಿರ ಕೂತು ಗಮನಿಸಿ. ಮುಂದಾಳು ಹೆಗಲಿಗೆ ತಂಬೂರಿ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಗಗ್ಗರ ಹಿಡಿದು ಕೂತಿರುತ್ತಾನೆ. ಪಕ್ಕದಲ್ಲಿ ಡಕ್ಕಿ, ತಾಳ, ಇಬ್ಬರು ಮೂವರು ಹಿಮ್ಮೇಳ. ತಂಬೂರಿಯ ಶ್ರುತಿ ಅವತ್ತಿನ ಮುಂದಾಳಿನ ಗಂಟಲಿಗೆ ಕೂಡಿದ್ದು, ಅದನ್ನು ಬೇರೆ ಯಾರೂ ನಿಗದಿ ಮಾಡಿಲ್ಲ. ವಯಸ್ಸಾದ ಮುಂದಾಳು ಹಾಡುವಾಗ ಕಿವಿಗೊಟ್ಟರೆ ಒಂದು ಸೂಕ್ಷ್ಮ ಸಿಗುತ್ತದೆ. ಸೊಲ್ಲಿನ ಮೊದಲರ್ಧವನ್ನು ಅವನು ಸಲೀಸಾಗಿ ಕೆಳದನಿಯಲ್ಲಿ ಹೇಳುತ್ತಾನೆ. ಮೇಲಕ್ಕೆ ಎತ್ತಬೇಕಾದ ತುದಿ ಬಂತೆನ್ನುವಾಗ ತಲೆಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸುತ್ತಾನೆ, ಹಿಮ್ಮೇಳದ ಹುಡುಗ ಅದನ್ನು ಬಾಯಿಂದ ಕಿತ್ತುಕೊಂಡವನಂತೆ ಮೇಲಕ್ಕೊಯ್ಯುತ್ತಾನೆ. ಅಷ್ಟರಲ್ಲಿ ಮುದುಕ ಉಸಿರು ತಗೊಂಡು ಮುಂದಿನ ಸೊಲ್ಲಿಗೆ ಸಿದ್ಧ. ಎತ್ತರದ ಸ್ವರ ಹಾಡಿಗೆ ಬಂತು, ಅವನ ಗಂಟಲಿಗೆ ಬರಲಿಲ್ಲ. ಕೂತವರಲ್ಲಿ ಯಾರಿಗೂ ಏನೂ ಕಡಿಮೆಯಾದಂತೆ ಅನ್ನಿಸುವುದಿಲ್ಲ.

ಇನ್ನೊಂದು ಉಪಾಯ ಮಾತು. ಪದ ನಿಲ್ಲಿಸಿ ಕಥೆಯನ್ನು ಮಾತಿನಲ್ಲಿ ಹೇಳುವ ಭಾಗ ಪ್ರತಿ ಸಾಲಿನಲ್ಲೂ ಇದೆ. ಹರೆಯದವನಿಗೆ ಅದು ಒಂದು ಪದದಿಂದ ಇನ್ನೊಂದಕ್ಕೆ ದಾಟುವ ಕಾಲುಹಾದಿ. ವಯಸ್ಸಾದವನ ಕೈಯಲ್ಲಿ ಅದೇ ಮುಖ್ಯವಾಗಿಬಿಡುತ್ತದೆ. ಸಂಕಮ್ಮನ ಗಂಡ ನೀಲಯ್ಯ ಜೇನು ಕೀಳಲು ಹೊರಡುವ ಮುನ್ನ ಹೆಂಡತಿಯಿಂದ ಭಾಷೆ ಕೇಳುವ ಸನ್ನಿವೇಶವನ್ನು ಮಾದಪ್ಪನ ಕಥೆ ಹಾಡುವ ಹರೆಯದ ದೇವರಗುಡ್ಡ ಹಾಡಿನಲ್ಲಿ ರಭಸವಾಗಿ ದಾಟಿಬಿಟ್ಟಾನು. ಅದನ್ನೇ ಹಳಬ ಮಾತಿಗಿಳಿಸಿ, ಗಂಡನ ಶಂಕೆಯನ್ನೂ ಹೆಂಡತಿಯ ಸಂಕಟವನ್ನೂ ಬೇರೆ ಬೇರೆ ದನಿಯಲ್ಲಿ ತೋರಿಸಿ, ಕೇಳುವ ಹೆಂಗಸರ ಕಣ್ಣಲ್ಲಿ ನೀರು ತರಿಸುತ್ತಾನೆ. ಅಂಥವರ ಬಗ್ಗೆ ನಮ್ಮ ಜನ ಹೇಳುವ ಮಾತು ಸರಳ: ‘ದನಿ ಬಿದ್ದೋಗದ, ಪದ ಕೆಟ್ಟಿಲ್ಲ ಕನ.’ ಯಾವ ಸಂಗೀತ ವಿಮರ್ಶಕನೂ ಇದಕ್ಕಿಂತ ಚೊಕ್ಕವಾಗಿ ಹೇಳಲಾರ.

ಶ್ರುತಿ ಬದಲಿಸಿಕೊಂಡು ಬದುಕುವುದು ಶಾಸ್ತ್ರೀಯ ಸಂಗೀತಕ್ಕೂ ಹೊಸದಲ್ಲ, ಅಲ್ಲಿಯೂ ಷಡ್ಜ ಹಾಡುವವರ ಸ್ವತ್ತು. ನಮ್ಮಲ್ಲಿ ಅದಕ್ಕೆ ಗಂಗೂಬಾಯಿ ಹಾನಗಲ್ಲರಿಗಿಂತ ದೊಡ್ಡ ಸಾಕ್ಷಿಯಿಲ್ಲ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮಾಫೋನ್ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಹುಡುಗಿಯ ದನಿ. ಆಮೇಲೆ ಗಂಟಲಿನ ಗ್ರಂಥಿಗೆ ಚಿಕಿತ್ಸೆಯಾಗಿ ದನಿ ಗಂಡುದನಿಯಷ್ಟು ಕೆಳಕ್ಕಿಳಿಯಿತು. ಅವರು ಹಾಡು ಬಿಡಲಿಲ್ಲ. ಇಳಿದ ದನಿಗೇ ಕಿರಾನಾ ಘರಾನೆಯ ನಿಧಾನವನ್ನು ಒಗ್ಗಿಸಿಕೊಂಡು, ನಾವಿಂದು ಗಂಗೂಬಾಯಿ ಎಂದೊಡನೆ ನೆನೆಯುವ ಗಾಯನವನ್ನು ಕಟ್ಟಿದರು. ಬದಲಾವಣೆಗೆ ಕಾರಣ ವಯಸ್ಸಲ್ಲ, ನಿಜ. ಆದರೆ ಸ್ವರದ ಎತ್ತರವನ್ನು ಮೊದಲೇ ಬರೆದಿಟ್ಟ ಸಂಗೀತದಲ್ಲಿದ್ದಿದ್ದರೆ ಅವರು ಎತ್ತರದ ಪಾತ್ರಗಳಿಗೆ ಅವತ್ತೇ ಕೈಮುಗಿಯಬೇಕಿತ್ತು.

ಹೀಗೆಂದ ಮಾತ್ರಕ್ಕೆ ಜನಪದ ಪರಂಪರೆ ಮುಪ್ಪನ್ನು ತಾಯಿಯಂತೆ ಮಡಿಲಲ್ಲಿಟ್ಟುಕೊಂಡಿತು ಎಂದು ಕೊಂಡಾಡುವುದು ನನಗೆ ಒಪ್ಪಿಗೆಯಿಲ್ಲ. ಮೊದಲನೆಯದಾಗಿ ಈ ಅನುಕೂಲ ಮುಂದಾಳಿಗೆ ಮಾತ್ರ. ಅವನ ಇಳಿದನಿಯ ಬೆಲೆಯನ್ನು ತೆರುವುದು ಹಿಮ್ಮೇಳ. ರಾತ್ರಿಯೆಲ್ಲ ಎತ್ತರದ ತುದಿಗಳನ್ನೇ ಕೂಗಿ ಕೂಗಿ, ಎಲೆ ಅಡಿಕೆ ಹೊಗೆಸೊಪ್ಪು ಕಾಫಿಯಲ್ಲಿ ನಿದ್ದೆ ತಡೆದು, ಮುಂದಾಳಾಗುವ ಮೊದಲೇ ಗಂಟಲು ಒಡೆದುಕೊಂಡವರು ಎಲ್ಲ ಮೇಳಗಳಲ್ಲೂ ಇದ್ದಾರೆ. ಅವರ ಹೆಸರನ್ನು ಯಾವ ಗ್ರಂಥವೂ ದಾಖಲಿಸುವುದಿಲ್ಲ, ‘ಮತ್ತು ತಂಡ’ ಎಂಬ ಎರಡು ಪದದಲ್ಲಿ ಅವರು ಮುಗಿದುಹೋಗುತ್ತಾರೆ.

ಎರಡನೆಯದು ಇನ್ನೂ ಗಂಭೀರ. ಸಾಲೂರು ಮಠದಲ್ಲಿ ದೀಕ್ಷೆ ಪಡೆದು ಕಂಸಾಳೆ ಹಿಡಿಯುವ ಗುಡ್ಡರಲ್ಲಿ, ತಂಬೂರಿ ಹೊರುವ ನೀಲಗಾರರಲ್ಲಿ ಮುಂದಾಳಿನ ಸ್ಥಾನ ಗಂಡಸರದ್ದು. ಸಂಕಮ್ಮ, ಇಕ್ಕೇರಿ ದೇವಮ್ಮ, ಬೇವಿನಹಟ್ಟಿ ಕಾಳಮ್ಮ ಎಂದು ಹೆಣ್ಣುಗಳ ಹೆಸರಿನಲ್ಲೇ ಸಾಲುಗಳಿದ್ದರೂ ಅವರ ಗೋಳನ್ನು ವೃತ್ತಿಯಾಗಿ ಹಾಡುವ ಹಕ್ಕು ಹೆಣ್ಣಿಗೆ ಸಿಗಲಿಲ್ಲ. ಈ ಸೀಮೆಯಲ್ಲಿ ಹೆಣ್ಣುದನಿಯ ಮುಪ್ಪನ್ನು ಕೇಳಬೇಕಾದರೆ ಸೋಬಾನೆಗೆ ಹೋಗಬೇಕು. ಅಲ್ಲಿ ಹಾಡು ಎತ್ತಿಕೊಡುವವಳು ಹಿರಿಯಳು. ಅವಳ ಇಳಿದ ಶ್ರುತಿಯೇ ಎಲ್ಲರ ಶ್ರುತಿ, ಹರೆಯದ ಹುಡುಗಿಯರು ತಮ್ಮ ದನಿಯನ್ನು ತಗ್ಗಿಸಿಕೊಂಡು ಸೊಲ್ಲು ಹಿಡಿಯುತ್ತಾರೆ. ಹಾಡಿನ ವ್ಯಾಪ್ತಿ ನಾಲ್ಕೈದು ಸ್ವರ, ಉಸಿರು ಮುಗಿದಲ್ಲಿ ಪಕ್ಕದವಳು ಇದ್ದಾಳೆ. ಒಪೆರಾದ ಸೊಪ್ರಾನೊ ಐವತ್ತರಲ್ಲಿ ಯಾವ ದನಿಗೆ ಹೆದರುತ್ತಾಳೋ ಅದೇ ದನಿ ಇಲ್ಲಿ ಯಜಮಾನಿಕೆಯ ಗುರುತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಹಾಡಿನಲ್ಲಿಯೂ ಗಂಡು ಹೆಣ್ಣು, ಮುದಿ ಹರೆಯ ಒಟ್ಟಿಗೆ ಸೇರುವುದರಿಂದ ಒಂಟಿ ಗಂಟಲಿನ ಪರೀಕ್ಷೆ ಎಂಬುದೇ ಇಲ್ಲ. ಆದರೆ ಸೋಬಾನೆಯ ಅಜ್ಜಿಗೆ ಮರ್ಯಾದೆ ಸಿಕ್ಕಿತು, ವೃತ್ತಿ ಸಿಗಲಿಲ್ಲ. ವೀಳ್ಯ, ಒಂದು ಕುಪ್ಪಸದ ಕಣಕ್ಕೆ ಅವಳ ಸಂಭಾವನೆ ಮುಗಿಯಿತು. ಹನೂರಿನ ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿಯ ಹಾಡುಗಳನ್ನು ಕೂತು ಬರೆದುಕೊಂಡರು. ಹನೂರರ ಸ್ವಂತ ಸೀಮೆಯ ಅಜ್ಜಿಯರಿಗೂ ಅಂಥ ಕಿವಿ ಬೇಕಿತ್ತು.

ಇಲ್ಲಿ ರಾಜ್‌ಕುಮಾರ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನ ಜೊತೆಗಿರುವ ಸಿಂಗಾನಲ್ಲೂರು ಕೊಳ್ಳೇಗಾಲ ತಾಲ್ಲೂಕಿನದು. ಮೈಕಿಲ್ಲದ ಕಂಪನಿ ನಾಟಕದಲ್ಲಿ ಕೊನೆಯ ಸಾಲಿನವರೆಗೂ ದನಿ ಮುಟ್ಟಿಸಲು ಕಲಿತ ಮಗ, ಸಿನಿಮಾದಲ್ಲಿ ಗಾಯಕನಾಗಿ ನೆಲೆ ನಿಂತದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದ, ನಲವತ್ತೈದರ ವಯಸ್ಸಿನಲ್ಲಿ. ಅರವತ್ತು ದಾಟಿದ ಮೇಲೆ ‘ಜೀವನ ಚೈತ್ರ’ದ ತೋಡಿ ರಾಗದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ಕಲಾಸ್ ರಂಗ ಬಿಟ್ಟ ವಯಸ್ಸು ದಾಟಿದ ಮೇಲೆ ಇವರ ಹಾಡಿಕೆ ನೆಲೆ ಕಂಡಿತು! ಯೋಗ, ಶಿಸ್ತು ಎಲ್ಲ ಸರಿ. ಆದರೆ ಸ್ಟುಡಿಯೋದ ಮೈಕು ಮಾಗಿದ ದನಿಯ ಕೆಳಸ್ವರವನ್ನೂ ಹಿಡಿದು ದೊಡ್ಡದು ಮಾಡಿತು ಎಂಬುದನ್ನು ಮರೆಯಬಾರದು. ಯಂತ್ರ ಮುದಿದನಿಯ ವೈರಿಯಾಗಲೇಬೇಕೆಂಬ ನಿಯಮವೇನಿಲ್ಲ.

ಜಾತ್ರೆಗಳಲ್ಲಿ ಅದು ವೈರಿಯಾದದ್ದು ಹೇಗೆ? ಕ್ಯಾಸೆಟ್ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜು ಮೊದಲಾದವರ ಹಾಡಿಕೆ ಬಸ್ಸು, ಟೀ ಅಂಗಡಿಗಳವರೆಗೂ ಹೋಯಿತು. ಮಂಟೇದಯ್ಯನ ಕಥೆಯನ್ನು ಲಕ್ಷಾಂತರ ಜನರಿಗೆ ಮುಟ್ಟಿಸಿದ ಆ ಕೆಲಸ ಸಣ್ಣದಲ್ಲ. ಆದರೆ ಕ್ಯಾಸೆಟ್ಟಿನಲ್ಲಿ ಒಂದು ವಯಸ್ಸಿನ ದನಿ ಶಾಶ್ವತವಾಗಿ ನಿಂತುಬಿಡುತ್ತದೆ, ಕೇಳುಗರ ಕಿವಿ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಹಾಡಿದವರೇ ಇಪ್ಪತ್ತು ವರ್ಷದ ಮೇಲೆ ಎದುರು ಬಂದು ಕೂತರೂ ತಮ್ಮ ಹಳೆಯ ದನಿಗೆ ಸೋಲಬೇಕು. ಇತ್ತ ಧ್ವನಿವರ್ಧಕದವನು ಇರುವ ದನಿಯನ್ನೆಲ್ಲ ಕಿವಿ ಕೊರೆಯುವಷ್ಟು ಏರಿಸಿ, ಹಿಮ್ಮೇಳ ಮುಮ್ಮೇಳಗಳ ನಡುವಿನ ಆ ಸೂಕ್ಷ್ಮ ಕೊಡುಕೊಳ್ಳುವಿಕೆಯನ್ನು ಒರೆಸಿಹಾಕುತ್ತಾನೆ.

ಇದಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ಸರ್ಕಾರಿ ವೇದಿಕೆ. ಉತ್ಸವದಲ್ಲಿ ತಂಡಕ್ಕೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಸಾಲು ಎಲ್ಲಿಂದ ಬರಬೇಕು? ಉಳಿಯುವುದು ಬೀಸು ಕಂಸಾಳೆ: ಎಡಗೈಯ ಬಟ್ಟಲಿಗೆ ಬಲಗೈಯ ತಾಳ ಬೀಸಿ ಹೊಡೆಯುತ್ತ, ಬಾಗಿ, ಮಲಗಿ, ಒಬ್ಬರ ಮೇಲೊಬ್ಬರು ಹತ್ತುವ ಹುಡುಗರ ಕಸರತ್ತು. ನೋಡಲು ಚೆಂದವೇ. ಆದರೆ ಅದು ಮೊಣಕಾಲಿನ ಕಲೆಯಾಯಿತು, ಗಂಟಲಿನದಲ್ಲ. ಅರವತ್ತರ ಗುಡ್ಡ ಅಲ್ಲಿ ಹಿಂದೆ ನಿಂತು ಪದ ಒದಗಿಸಬೇಕು, ಇಲ್ಲವೇ ಮನೆಯಲ್ಲಿರಬೇಕು. ಮುಪ್ಪಿಗೆ ಜಾಗ ಮಾಡಿಕೊಟ್ಟಿದ್ದ ಆಸರೆಗಳು, ಅಂದರೆ ತನ್ನದೇ ಶ್ರುತಿ, ನಡುವಿನ ಮಾತು, ಇಡೀ ರಾತ್ರಿಯ ಅವಧಿ, ಈ ವೇದಿಕೆಯಲ್ಲಿ ಒಟ್ಟಿಗೇ ಕುಸಿದವು. ಆಮೇಲೆ ಅದೇ ಸರ್ಕಾರ ಅದೇ ಮನುಷ್ಯನಿಗೆ ಮಾಸಾಶನ ಕೊಟ್ಟು ಸಮಾಧಾನ ಮಾಡುತ್ತದೆ. ಹಣ ಬೇಕು, ಯಾರೂ ಬೇಡ ಅನ್ನುವುದಿಲ್ಲ. ಜೊತೆಗೆ ಕೂತು ಹಾಡಲು ಒಂದು ರಾತ್ರಿಯನ್ನೂ ಕೊಡಬಹುದಿತ್ತು. ಮಂಟೇಸ್ವಾಮಿ ಪರಂಪರೆಯ, ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲವೆಂಬ ಜ್ಯೋತಿ ಉರಿದ ಮೇಲೆ ಬಿಡಾರಗಳ ನಡುವೆ ಬೆಳಗಿನವರೆಗೆ ಹಾಡುವ ಹಳಬರು ಇನ್ನೂ ಸಿಗುತ್ತಾರೆ. ಪರಂಪರೆಯನ್ನು ಅಳೆಯುವುದಾದರೆ ಅಲ್ಲಿ ಅಳೆಯಬೇಕು.

ವಿದ್ವಾಂಸರ ಮೇಲೂ ನನ್ನ ತಕರಾರಿದೆ. ನಮ್ಮ ಜಾನಪದ ಅಧ್ಯಯನ ಟೇಪು ಹಿಡಿದು ಹೋಯಿತು, ಬಂದು ಪುಸ್ತಕ ಮಾಡಿತು. ಸಾವಿರ ಪುಟದ ಪಠ್ಯ ಕೈಗೆ ಬಂದಾಗ ಹಾಡಿದವನ ಶ್ರುತಿ ಎಷ್ಟಿತ್ತು, ಯಾವ ಸೊಲ್ಲನ್ನು ಹಿಮ್ಮೇಳಕ್ಕೆ ಬಿಟ್ಟ, ನಡುರಾತ್ರಿಯಾದ ಮೇಲೆ ಎಲ್ಲಿ ಹಾಡು ಮಾತಾಯಿತು ಎಂಬುದೆಲ್ಲ ಸೋರಿಹೋಗಿತ್ತು. ಒಬ್ಬನೇ ಗಾಯಕನನ್ನು ಹತ್ತು ವರ್ಷಕ್ಕೊಮ್ಮೆ ಅದೇ ಸಾಲನ್ನು ಹಾಡಿಸಿ ಧ್ವನಿಮುದ್ರಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಕೊಳ್ಳೇಗಾಲದಿಂದ ಬಸ್ ಹತ್ತಿದರೆ ಮುಟ್ಟುವಷ್ಟು ಹತ್ತಿರ ಮೈಸೂರು ವಿಶ್ವವಿದ್ಯಾಲಯವಿದೆ, ಆಕಾಶವಾಣಿಯಿದೆ. ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಈಗ ಮೂವತ್ತರಲ್ಲಿರುವ ಹತ್ತು ಜನ ನೀಲಗಾರರು, ಹತ್ತು ಜನ ಗುಡ್ಡರು, ಸೋಬಾನೆ ಹಾಡುವ ಹತ್ತು ಜನ ಹೆಂಗಸರನ್ನು ಆರಿಸಿಕೊಳ್ಳಲಿ. ವಯಸ್ಸು, ಶ್ರುತಿ, ಹಿಮ್ಮೇಳದವರ ಹೆಸರು ಸಮೇತ ಬರೆದಿಟ್ಟು ಧ್ವನಿಮುದ್ರಿಸಲಿ, ಸಂಭಾವನೆಯನ್ನು ಮೊದಲೇ ಕೊಡಲಿ. ಬರುವ ಬನದ ಹುಣ್ಣಿಮೆಯಿಂದಲೇ ಶುರು ಮಾಡಬಹುದು.