ಶಾಲೆಯ ಮೊದಲ ದಿನ: ಚಿತ್ರಪುಸ್ತಕ ಓದುವ ಬಗೆ

ಶಾಲೆಯ ಮೊದಲ ದಿನದ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಚಿತ್ರಪುಸ್ತಕಗಳಿವೆ. ಎಷ್ಟೋ ಪುಸ್ತಕಗಳು ಹೆದರಬೇಡ, ಶಾಲೆ ಚೆನ್ನಾಗಿರುತ್ತದೆ ಎಂದು ಮಗುವಿಗೆ ಬುದ್ಧಿ ಹೇಳಿ ಮುಗಿಸುತ್ತವೆ. ಒಳ್ಳೆಯ ಪುಸ್ತಕಕ್ಕೆ ಅಂಥ ಅವಸರವಿಲ್ಲ. ಅದು ಮಗುವಿನ ಭಯವನ್ನು ಮೊದಲು ನಂಬುತ್ತದೆ, ಆಮೇಲೆ ಅದನ್ನು ಚಿತ್ರದಲ್ಲಿ ತೋರಿಸುತ್ತದೆ. ತನ್ನೊಳಗಿನ ಅಳುಕು ಇನ್ಯಾರದೋ ಮುಖದಲ್ಲಿ ಕಂಡರೆ ಮಗುವಿಗೆ ಅದರ ಬಗ್ಗೆ ಬಾಯಿ ಬಿಡುವುದು ಸುಲಭ. ಇಂಥ ಪುಸ್ತಕಗಳ ಸೊಗಸು ಹಿಡಿಯಲು ಬಯಸುವ ದೊಡ್ಡವರಿಗೆ ಇಲ್ಲಿ ಒಂದಿಷ್ಟು ದಾರಿಗಳಿವೆ.

ಅಕ್ಷರ ಮುಚ್ಚಿ ಚಿತ್ರ ನೋಡಿ

ದೊಡ್ಡವರ ಕಣ್ಣು ಮೊದಲು ಅಕ್ಷರಕ್ಕೆ ಹೋಗುತ್ತದೆ. ಓದಲು ಬಾರದ ಮಗುವಿನ ಕಣ್ಣು ಚಿತ್ರದಲ್ಲೇ ಇರುತ್ತದೆ. ಆದ್ದರಿಂದ ಒಮ್ಮೆ ಓದಿ ಮುಗಿಸಿದ ಮೇಲೆ ಅಕ್ಷರದ ಮೇಲೆ ಕೈಯಿಟ್ಟು ಚಿತ್ರಗಳನ್ನಷ್ಟೇ ನೋಡುತ್ತಾ ಹೋಗಿ.

ಕೆವಿನ್ ಹೆಂಕ್ಸ್ ಬರೆದು ಚಿತ್ರಿಸಿದ ‘ವೆಂಬರ್ಲಿ ವರೀಡ್’ (2000) ಇದಕ್ಕೆ ತಕ್ಕ ಪುಸ್ತಕ. ವೆಂಬರ್ಲಿ ಎಂಬ ಇಲಿಮರಿಗೆ ಎಲ್ಲದಕ್ಕೂ ಚಿಂತೆ. ಚಿಂತೆಯಾದಾಗಲೆಲ್ಲ ಪೆಟಲ್ ಎಂಬ ತನ್ನ ಗೊಂಬೆಯ ಕಿವಿ ಉಜ್ಜುತ್ತಾಳೆ. ಶಾಲೆಗೆ ಹೋದ ದಿನ ಟೀಚರು ಅವಳನ್ನು ಜ್ಯುವೆಲ್ ಎಂಬ ಇನ್ನೊಂದು ಮರಿಯ ಬಳಿಗೆ ಕರೆದೊಯ್ಯುತ್ತಾರೆ. ಜ್ಯುವೆಲ್ ಒಂಟಿಯಾಗಿ ನಿಂತಿದ್ದಾಳೆ. ಅವಳ ಬಟ್ಟೆಯಲ್ಲೂ ಪಟ್ಟೆ, ಅವಳ ಕೈಯಲ್ಲೂ ಗೊಂಬೆ. ಇಬ್ಬರೂ ಮೊದಲು ಬರೀ ಕದ್ದು ನೋಡುತ್ತಾರೆ. ಇವಳಿಗೂ ಭಯವಿದೆ ಎಂದು ಬಿಡಿಸಿ ಹೇಳುವ ಗೊಡವೆ ಬೇಕಿಲ್ಲ. ಅವಳು ನಿಂತ ಭಂಗಿಯೇ ಅದನ್ನು ಹೇಳುತ್ತದೆ, ನೋಡುವ ಮಗು ತಾನೇ ಕಂಡುಕೊಳ್ಳುತ್ತದೆ. ಕೊನೆಯಲ್ಲೂ ವೆಂಬರ್ಲಿಯ ಚಿಂತೆ ಪೂರ್ತಿ ಹೋಗುವುದಿಲ್ಲ, ಹಿಡಿತಕ್ಕೆ ಬರುತ್ತದೆ ಅಷ್ಟೆ. ಈ ಪ್ರಾಮಾಣಿಕತೆಯೇ ಪುಸ್ತಕದ ದೊಡ್ಡ ಗುಣ.

ಪುಟ ತಿರುಗಿಸುವ ಹೊತ್ತು

ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟದವು. ಇಷ್ಟು ಕಡಿಮೆ ಜಾಗದಲ್ಲಿ ಯಾವುದನ್ನು ಮುಂದಿನ ಪುಟದವರೆಗೆ ಬಚ್ಚಿಡಬೇಕು ಎಂಬುದರಲ್ಲೇ ಕಥೆಗಾರರ ಜಾಣ್ಮೆಯಿದೆ. ಜೂಲಿ ಡ್ಯಾನೆಬರ್ಗ್ ಬರೆದು ಜೂಡಿ ಲವ್ ಚಿತ್ರಿಸಿದ ‘ಫಸ್ಟ್ ಡೇ ಜಿಟರ್ಸ್’ (2000) ನೋಡಿ. ಸಾರಾ ಹೊದಿಕೆಯೊಳಗೆ ಹುದುಗಿ, ಹೊಸ ಶಾಲೆಗೆ ಹೋಗಲೊಲ್ಲೆ ಎಂದು ಹಟ ಹಿಡಿದಿದ್ದಾಳೆ. ಅಲ್ಲಿ ಅವಳಿಗೆ ಯಾರೂ ಗೊತ್ತಿಲ್ಲ. ಮನೆಯವರು ರಮಿಸಿ ಎಬ್ಬಿಸುತ್ತಾರೆ. ಕೊನೆಗೆ ತರಗತಿಯ ಬಾಗಿಲು ತೆರೆದಾಗ ಗೊತ್ತಾಗುತ್ತದೆ: ಸಾರಾ ಆ ತರಗತಿಯ ಹೊಸ ಟೀಚರು!

ಆ ಪುಟಕ್ಕೆ ಮುಂಚೆ ಒಂದು ಗಳಿಗೆ ನಿಲ್ಲಿ. ಗುಟ್ಟು ತಿಳಿದ ಮೇಲೆ ಮತ್ತೆ ಮೊದಲಿಂದ ಓದಿ. ದೊಡ್ಡವರಿಗೂ ಹೊಟ್ಟೆಯಲ್ಲಿ ತಳಮಳ ಆಗುತ್ತದೆ ಎಂಬ ಸಂಗತಿ ಎರಡನೆಯ ಓದಿನಲ್ಲಿ ಮಗುವಿಗೆ ಇನ್ನೂ ಚೆನ್ನಾಗಿ ನಾಟುತ್ತದೆ.

ಕಥೆ ಯಾರದು?

ಆಡಮ್ ರೆಕ್ಸ್ ಬರೆದು ಕ್ರಿಶ್ಚಿಯನ್ ರಾಬಿನ್ಸನ್ ಚಿತ್ರಿಸಿದ ‘ಸ್ಕೂಲ್ಸ್ ಫಸ್ಟ್ ಡೇ ಆಫ್ ಸ್ಕೂಲ್’ (2016) ಪುಸ್ತಕದಲ್ಲಿ ಹೆದರಿರುವುದು ಶಾಲೆಯ ಕಟ್ಟಡ. ಇಷ್ಟು ದಿನ ಅದಕ್ಕೆ ಕಸ ಗುಡಿಸುವ ಒಬ್ಬರೇ ಜೊತೆ. ಈಗ ಮಕ್ಕಳ ಹಿಂಡು ಬರುತ್ತದೆ, ಕೆಲವರು ಶಾಲೆ ಇಷ್ಟವಿಲ್ಲ ಅನ್ನುತ್ತಾರೆ, ಕಟ್ಟಡಕ್ಕೆ ನೋವಾಗುತ್ತದೆ. ಬೆಂಕಿಯ ಗಂಟೆ ಹೊಡೆದು ಎಲ್ಲರೂ ಹೊರಗೆ ಬಂದಾಗ ನಾಚಿಕೆಯಾಗುತ್ತದೆ. ಸಂಜೆ ಅದು ದಿನದ ಸಮಾಚಾರವನ್ನೆಲ್ಲ ತನ್ನ ಗೆಳೆಯನಿಗೆ ಹೇಳುತ್ತದೆ. ಓದುವ ಮಗು ಇಲ್ಲಿ ಸಮಾಧಾನ ಹೇಳುವ ಜಾಗಕ್ಕೆ ಏರುತ್ತದೆ. ಕಥೆ ಯಾರ ಕಣ್ಣಿನಿಂದ ನಡೆಯುತ್ತಿದೆ ಎಂದು ಪ್ರತಿ ಪುಸ್ತಕದಲ್ಲೂ ಗಮನಿಸಿ.

ಕಿವಿಗೂ ಕೆಲಸ ಕೊಡಿ

ಮೊದಲ ದಿನದ ಅಳುವಿನ ಹಿಂದೆ ಹೆಚ್ಚಾಗಿ ಇರುವುದು ಅಮ್ಮನನ್ನು ಬಿಟ್ಟಿರುವ ಸಂಕಟ. ಮಾರ್ಟಿನ್ ವ್ಯಾಡೆಲ್ ಬರೆದ ‘ಔಲ್ ಬೇಬೀಸ್’ (1992) ಶಾಲೆಯ ಕಥೆಯಲ್ಲ, ಆದರೆ ಈ ಸಂಕಟಕ್ಕೆ ಅದಕ್ಕಿಂತ ಹತ್ತಿರದ ಪುಸ್ತಕ ಸಿಗುವುದು ಕಷ್ಟ. ಕಗ್ಗತ್ತಲಲ್ಲಿ ಮೂರು ಬಿಳಿ ಗೂಬೆಮರಿಗಳು ತಾಯಿಗೆ ಕಾಯುತ್ತವೆ. ದೊಡ್ಡವೆರಡು ಏನೇನೋ ತರ್ಕ ಮಾಡುತ್ತವೆ. ಕಿರಿಯ ಬಿಲ್ ಮಾತ್ರ ಪ್ರತಿ ಸಲವೂ ಅಮ್ಮ ಬೇಕೆಂಬ ಅದೇ ಮಾತನ್ನಾಡುತ್ತದೆ. ಮೂರನೆಯ ಸಲ ನೀವು ಸುಮ್ಮನಾಗಿ, ಮಗುವೇ ಹೇಳುತ್ತದೆ. ತಾಯಿ ಬಂದೇ ಬರುತ್ತಾಳೆ. ಪ್ಯಾಟ್ರಿಕ್ ಬೆನ್ಸನ್ ಚಿತ್ರಿಸಿದ ಆ ಕತ್ತಲನ್ನು ದಾಟಿ ಬಂದದ್ದರಿಂದಲೇ ಅವಳನ್ನು ಕಂಡಾಗ ಅಷ್ಟು ಹಿಗ್ಗು.

ಆಡ್ರಿ ಪೆನ್ ಅವರ ‘ದ ಕಿಸ್ಸಿಂಗ್ ಹ್ಯಾಂಡ್’ (1993) ಪುಸ್ತಕದಲ್ಲಿ ಚಿತ್ರಕ್ಕಿಂತ ಮಾತಿನ ಪಾಲು ಹೆಚ್ಚು. ಆದರೂ ಅದರಲ್ಲಿ ಪುಸ್ತಕದಾಚೆಗೂ ಒಯ್ಯಬಹುದಾದ ಒಂದು ಕ್ರಿಯೆ ಇದೆ. ತಾಯಿ ರಾಕೂನ್ ಮರಿಯ ಅಂಗೈಗೆ ಮುತ್ತಿಡುತ್ತಾಳೆ. ಬೇಸರವಾದಾಗ ಆ ಅಂಗೈಯನ್ನು ಕೆನ್ನೆಗೆ ಒತ್ತಿಕೋ ಎನ್ನುತ್ತಾಳೆ. ಹೊರಡುವ ಮುನ್ನ ಮರಿಯೂ ತಾಯಿಯ ಅಂಗೈಗೆ ಮುತ್ತು ಕೊಡುತ್ತದೆ. ತಾಯಿಗೂ ಅದು ಬೇಕಿತ್ತು ಎಂದು ಮರಿ ಅರಿತ ಆ ಗಳಿಗೆ ಇಡೀ ಕಥೆಯನ್ನು ಮೇಲೆತ್ತುತ್ತದೆ.

ಮನೆಯಲ್ಲಿ ಓದುವಾಗ

ಪುಸ್ತಕ ಇಂಗ್ಲಿಷಿನದಾದರೂ ಚಿತ್ರ ತೋರಿಸುತ್ತಾ ಮನೆಮಾತಿನಲ್ಲೇ ಕಥೆ ಹೇಳಿ. ಕನ್ನಡದ್ದೇ ಬೇಕಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಅಲ್ಲೂ ಇದೇ ಕಣ್ಣಿನಿಂದ ಆರಿಸಿ. ನಮ್ಮಲ್ಲಿ ಶಾಲೆ ಬಾಗಿಲು ತೆರೆಯುವುದು ಬೇಸಿಗೆ ರಜೆ ಮುಗಿದ ಮೇಲೆ. ಓದನ್ನು ಮೇ ತಿಂಗಳಲ್ಲೇ ಶುರು ಮಾಡಿ. ಹೊರಡುವ ಬೆಳಿಗ್ಗೆಯ ಗಡಿಬಿಡಿಯಲ್ಲಿ ಯಾವ ಕಥೆಯೂ ತಲೆಗೆ ಹೋಗದು. ಓದಿದ ಮೇಲೆ ನೀತಿ ಕೇಳಬೇಡಿ, ಪರೀಕ್ಷೆಯಂತೂ ಬೇಡವೇ ಬೇಡ. ಮಗು ಒಂದೇ ಪುಟದಲ್ಲಿ ನಿಂತರೆ ನೀವೂ ನಿಲ್ಲಿ.

ನಡುವೆ ಅದು, ಶಾಲೆಯಲ್ಲಿ ಸೂಸು ಬಂದರೆ ಯಾರಿಗೆ ಹೇಳಬೇಕು ಎಂದು ಕೇಳಬಹುದು. ಆಗ ಕಥೆ ಪಕ್ಕಕ್ಕಿಟ್ಟು ಸರಿಯಾದ ಉತ್ತರ ಕೊಡಿ; ಗೊತ್ತಿಲ್ಲದಿದ್ದರೆ ಟೀಚರನ್ನು ಕೇಳಿ ಬಂದು ಹೇಳಿ. ಇಂಥ ಒಂದು ಪ್ರಶ್ನೆಯನ್ನು ಮಗುವಿನ ಬಾಯಿಂದ ಹೊರಡಿಸಿದ ಪುಸ್ತಕ ತನ್ನ ಕೆಲಸ ಮಾಡಿದೆ.