ಅರ್ಥ ಹೇಳುವುದು, ಆಶಯ ಬರೆಯುವುದು

ನಾನು ಪದವಿ ತರಗತಿಯಲ್ಲಿ ಇದ್ದಾಗ ಪರೀಕ್ಷೆಗೆ ಒಂದು ಪ್ರಶ್ನೆ ಬಂದಿತ್ತು: ರನ್ನನ ‘ಗದಾಯುದ್ಧ’ದ ಆಶಯವನ್ನು ವಿವರಿಸಿ. ಐದು ಅಂಕ. ಗೈಡಿನಲ್ಲಿ ಇದ್ದ ಉತ್ತರ ಬಾಯಿಪಾಠ ಇತ್ತು. ‘ಛಲವೇ ಮನುಷ್ಯನ ವಿನಾಶಕ್ಕೆ ಕಾರಣ, ದುರ್ಯೋಧನನು ಅದಕ್ಕೆ ನಿದರ್ಶನ’ ಎಂದು ಶುರುಮಾಡಿ ಒಂದು ಪುಟ ಬರೆದೆ. ನಾಲ್ಕೂವರೆ ಅಂಕ ಸಿಕ್ಕಿತು. ಮನೆಗೆ ಬಂದು ಹೆಮ್ಮೆಯಿಂದ ಅಪ್ಪನಿಗೆ ಹೇಳಿದೆ. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. “ಛಲ ಅಂತ ಬರೆದೆಯಾ? ಅದು ಸರಿ. ಹಾಗಾದರೆ ಆ ಛಲದವನು ಶತ್ರುವಿನ ಮಗ ಅಭಿಮನ್ಯುವಿನ ಹೆಣಕ್ಕೆ ಕೈ ಮುಗಿದದ್ದು ಯಾಕೆ ಮಾರಾಯಾ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೈಡಿನಲ್ಲೂ ಇರಲಿಲ್ಲ.

ಅಪ್ಪ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆದರೆ ಆಟಿ ತಿಂಗಳ ಮಳೆಗೆ ದೇವಸ್ಥಾನದಲ್ಲೋ ಯಾರದಾದರೂ ಮನೆಯ ಚಾವಡಿಯಲ್ಲೋ ತಾಳಮದ್ದಳೆ ಆದರೆ ಅವರಿಗೆ ಒಂದು ಅರ್ಥ ಇದ್ದೇ ಇರುತ್ತಿತ್ತು. ಪಾರ್ತಿಸುಬ್ಬನ ಕುಂಬಳೆಯ ಸೀಮೆ ಇದು. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಮಲಯಾಳ. ಹಳಗನ್ನಡ ಕಾವ್ಯದ ಕಡೆಗೆ ನಾವು ಹೋದದ್ದು ಹೆಚ್ಚಾಗಿ ಪುಸ್ತಕದಿಂದ ಅಲ್ಲ, ಕಿವಿಯಿಂದ. ಕೌರವ, ಕರ್ಣ, ವಾಲಿ ಎಲ್ಲರೂ ನಮಗೆ ಮೊದಲು ಮಾತಾಡುವ ಮನುಷ್ಯರು. ಪಾಠದ ಪಾತ್ರಗಳು ಆದದ್ದು ಆಮೇಲೆ.

ತಾಳಮದ್ದಳೆಯಲ್ಲಿ ಪಾತ್ರ ಮಾಡುವುದಕ್ಕೆ ನಾವು ‘ಅರ್ಥ ಹೇಳುವುದು’ ಎನ್ನುತ್ತೇವೆ. ಈ ಮಾತನ್ನು ನಾನು ಬಹಳ ಕಾಲ ಹಾಗೇ ಬಳಸಿದ್ದೆ, ಯೋಚಿಸಿರಲಿಲ್ಲ. ಭಾಗವತರು ಒಂದು ಪದ ಹೇಳುತ್ತಾರೆ. ಅದು ನಾಲ್ಕೈದು ಸಾಲು. ಅರ್ಥಧಾರಿ ಅದನ್ನು ಬಿಡಿಸಿ ಕಾಲು ಗಂಟೆ ಮಾತಾಡುತ್ತಾನೆ. ಅವನ ಕೈಯಲ್ಲಿ ಬರೆದ ಮಾತು ಇಲ್ಲ, ಮೈಮೇಲೆ ವೇಷವೂ ಇಲ್ಲ. ಆದರೆ ಎರಡು ಕಟ್ಟು ಉಂಟು. ಒಂದು, ಪದದಲ್ಲಿ ಇಲ್ಲದ ಕಡೆಗೆ ಅವನು ಹೋಗುವಂತಿಲ್ಲ. ಎರಡು, ಎದುರು ಇನ್ನೊಬ್ಬ ಅರ್ಥಧಾರಿ ಕುಳಿತಿದ್ದಾನೆ. ಇವನು ಸಡಿಲು ಮಾತು ಆಡಿದರೆ ಅವನು ಅಲ್ಲೇ ಹಿಡಿಯುತ್ತಾನೆ. ಕಾವ್ಯದ ಆಶಯ ಬರೆಯುವುದಕ್ಕೂ ಇದೇ ಎರಡು ಕಟ್ಟು ಸಾಕು ಎಂದು ಈಗ ನನಗೆ ಅನ್ನಿಸುತ್ತದೆ. ನನ್ನ ಪರೀಕ್ಷೆಯ ಉತ್ತರಕ್ಕೆ ಎದುರು ಕೂರುವ ಅರ್ಥಧಾರಿ ಇರಲಿಲ್ಲ. ಅಪ್ಪ ಆ ಜಾಗದಲ್ಲಿ ಬಂದು ಕುಳಿತರು.

ಹಾಗಾಗಿ ‘ಗದಾಯುದ್ಧ’ವನ್ನು ಮತ್ತೊಮ್ಮೆ ಓದಿದೆ, ಈ ಸಲ ಅಂಕಕ್ಕಲ್ಲ. ಹತ್ತು ಆಶ್ವಾಸಗಳ ಈ ಚಂಪೂಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರೂ ಉಂಟು. ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ದ್ರೌಪದಿ ಭೀಮನ ಎದುರು ಸೇಡಿನ ಮಾತು ಎತ್ತುವಲ್ಲಿಂದ ಕಥೆ ಶುರು, ಭೀಮನ ಪಟ್ಟಾಭಿಷೇಕಕ್ಕೆ ಮುಕ್ತಾಯ. ಅಂದರೆ ಲೆಕ್ಕ ಪ್ರಕಾರ ನಾಯಕ ಭೀಮ. ಆದರೆ ಓದಿ ಪುಸ್ತಕ ಮುಚ್ಚಿದ ಮೇಲೆ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದರು. ಗ್ರೀಕ್ ದುರಂತ ನಾಟಕದ ಕಡೆಗೆ ಒಲವು ಇದ್ದವರಿಗೆ ಇದರಲ್ಲಿ ಒಂದು ನಾಟಕ ಕಂಡದ್ದು ಆಶ್ಚರ್ಯ ಅಲ್ಲ.

ಗೈಡಿನವರು ಹಿಡಿದ ‘ಛಲ’ ಕಾವ್ಯದಲ್ಲಿ ಇಲ್ಲವೆಂದಲ್ಲ. ಹಿರಿಯರು ಸಂಧಿಯ ಮಾತು ಎತ್ತಿದಾಗ ದುರ್ಯೋಧನ, ನಾನು ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ ಎನ್ನುತ್ತಾನೆ. ಉತ್ತರ ಪತ್ರಿಕೆಗಳೆಲ್ಲ ಅಲ್ಲಿಗೆ ನಿಲ್ಲುತ್ತವೆ. ಪದ್ಯ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಉಸಿರಿನಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ: ಈ ನೆಲ ನನಗೆ ಪಾಳುಬಿದ್ದ ನೆಲ, ಕರ್ಣನನ್ನು ಕೊಲ್ಲಿಸಿದ ನೆಲ, ಇದರ ಜತೆ ನಾನು ಮತ್ತೆ ಬಾಳುವೆ ಮಾಡಲೇ? ಪದ್ಯದ ಮೊದಲ ಅರ್ಧ ಮಾತ್ರ ಓದಿದರೆ ಹಟಮಾರಿ ಕಾಣುತ್ತಾನೆ. ಪೂರ್ತಿ ಓದಿದರೆ ಗೆಳೆಯನನ್ನು ಕಳಕೊಂಡವನು ಕಾಣುತ್ತಾನೆ. ಅವನ ಛಲದ ಒಳಗೆ ದುಃಖ ಉಂಟು. ಅರ್ಧ ಪದ್ಯಕ್ಕೆ ಅರ್ಥ ಹೇಳಿದರೆ ತಾಳಮದ್ದಳೆಯಲ್ಲಿ ಭಾಗವತರು ಸುಮ್ಮನೆ ಬಿಡುತ್ತಿರಲಿಲ್ಲ.

ಇನ್ನು ರಣರಂಗದಲ್ಲಿ ಅವನು ನಡೆಯುವ ಭಾಗ. ಸಂಜಯನ ಜತೆ ಹೆಣಗಳ ನಡುವೆ ಹೋಗುತ್ತಾ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕರ್ಣ ಇವರನ್ನು ಕಾಣುತ್ತಾನೆ. ಮಗನ ಹೆಣದ ಮುಂದೆ ಅವನಿಗೆ ಬರುವ ಯೋಚನೆ, ತಂದೆಗೆ ಮಗ ನೀರು ಬಿಡಬೇಕಾದ್ದು, ಇಲ್ಲಿ ಕ್ರಮ ತಿರುಗಿತಲ್ಲ ಎಂದು. ತಮ್ಮನ ಮುಂದೆ ನೆನಪಾಗುವುದು ತಾಯಿಯ ಹಾಲು. ಮೊದಲು ತಾನು ಕುಡಿದದ್ದು, ಆಮೇಲೆ ಅವನು. ಸಾವಿನಲ್ಲಿ ಮಾತ್ರ ಅವನು ಮುಂದೆ ಹೋದ.

ಲಕ್ಷಣಕುಮಾರನ ಪದ್ಯವನ್ನು ನಾನು ಒಂದು ಸಂಜೆ ಚಾವಡಿಯಲ್ಲಿ ಗಟ್ಟಿಯಾಗಿ ಓದಿ ಅರ್ಥ ಬಿಡಿಸುತ್ತಿದ್ದೆ. ಅಜ್ಜ ಅಡಿಕೆ ಸುಲಿಯುತ್ತಾ ಕೇಳುತ್ತಿದ್ದರು. ಓದು ಮುಗಿಯುವ ಮೊದಲೇ ಎದ್ದು ಅಂಗಳಕ್ಕೆ ಹೋದರು. ನನಗೆ ತಿಳಿಯಲಿಲ್ಲ. ಅಮ್ಮ ಒಳಗಿನಿಂದ ಬಂದು “ಅದನ್ನು ಇವತ್ತಿಗೆ ಬಿಡು” ಅಂದರು. ನಾನು ಹುಟ್ಟುವ ಮೊದಲೇ ಹೋದ ದೊಡ್ಡಪ್ಪನ ಫೋಟೊ ಗೋಡೆಯ ಮೇಲೆ ಇತ್ತು. ದಿನಾ ನೋಡುತ್ತಿದ್ದೆ. ಅವರ ಕ್ರಿಯೆ ಯಾರು ಮಾಡಿದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಸಾವಿರ ವರ್ಷದ ಹಿಂದಿನ ಪದ್ಯ ಅದನ್ನು ಕೇಳಿಬಿಟ್ಟಿತು. ಛಲವೇ ವಿನಾಶಕ್ಕೆ ಕಾರಣ ಎಂಬ ವಾಕ್ಯದಿಂದ ಅಜ್ಜ ಎದ್ದು ಹೋಗುತ್ತಿರಲಿಲ್ಲ.

ಕರ್ಣನ ಹೆಣದ ಮುಂದೆ ರನ್ನ ಇನ್ನೂ ಬೇರೆ ಕೆಲಸ ಮಾಡುತ್ತಾನೆ. ನೀನು ಯಾರ ಮಗ ಎಂಬುದು ನನಗೆ ಗೊತ್ತಿತ್ತು, ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತಿತ್ತು ಎಂದು ದುರ್ಯೋಧನ ಹೇಳುತ್ತಾನೆ. ಮೊದಲ ಸಲ ಓದಿದಾಗ ನಾನು ಇದನ್ನು ಗಮನಿಸದೆ ದಾಟಿದ್ದೆ. ಎರಡನೆಯ ಸಲ ನಿಂತೆ. ಗೊತ್ತಿತ್ತು! ಹಾಗಾದರೆ ಪಾಂಡವರ ಅಣ್ಣನನ್ನು ಪಾಂಡವರ ಮೇಲೆ ಬಿಟ್ಟನಲ್ಲ? ಸ್ನೇಹ ಎಂಬುದು ಲಾಭದ ಲೆಕ್ಕವಾಗಿತ್ತೇ? ಅಥವಾ ಗೊತ್ತಿದ್ದೂ ಅವನನ್ನು ಬಿಟ್ಟುಕೊಡಲು ಮನಸ್ಸು ಬಾರದೆ ಬಾಯಿ ಮುಚ್ಚಿಕೊಂಡನೇ? ಎರಡು ಕಡೆಗೂ ಅರ್ಥ ಹೇಳಬಹುದು. ಲೆಕ್ಕದವನು ಎನ್ನುವವನಿಗೆ ಎದುರಾಳಿ ಕೇಳುವ ಪ್ರಶ್ನೆ: ಲೆಕ್ಕ ಮುಗಿದ ಮೇಲೆ, ಕೇಳುವವನು ಸತ್ತ ಮೇಲೆ, ಇದನ್ನು ಒಪ್ಪಿಕೊಂಡು ಏನು ಲಾಭ? ಪ್ರೀತಿಯವನು ಎನ್ನುವವನಿಗೆ ಕೇಳುವ ಪ್ರಶ್ನೆ: ಬದುಕಿದ್ದಾಗ ಹೇಳಲಿಲ್ಲ ಯಾಕೆ? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನಗೆ ಕಾವ್ಯ ಒಂದಿಷ್ಟು ತೆರೆದದ್ದು.

ದುರ್ಯೋಧನ ಎದೆ ಬಿಚ್ಚಿ ಮಾತಾಡುವ ಜಾಗಗಳನ್ನು ಒಂದು ಕಾಗದದಲ್ಲಿ ಬರೆದು ನೋಡಿದೆ. ಹೆಚ್ಚು ಕಡಿಮೆ ಎಲ್ಲವೂ ಹೆಣಗಳ ಮುಂದೆ. ಅವನನ್ನು ತಡೆಯುವ ಬದುಕಿದ ಜನ ಬಂದಾಗ, ಅಪ್ಪ ಧೃತರಾಷ್ಟ್ರ, ಅಮ್ಮ ಗಾಂಧಾರಿ, ಶರಶಯ್ಯೆಯ ಭೀಷ್ಮ, ಇವರ ಎದುರು ಅವನ ಬಾಯಲ್ಲಿ ಮೇಲೆ ಬರುವುದು ಛಲ. ಸತ್ತವರ ಎದುರು ಅಳು. ಅಭಿಮನ್ಯುವಿಗೆ ಕೈ ಮುಗಿದದ್ದೂ ಹಾಗೇ. ಆ ಹುಡುಗ ಬದುಕಿದ್ದಾಗ ಸುತ್ತುಗಟ್ಟಿ ಕೊಂದವರ ಪೈಕಿ ಇವನ ಕಡೆಯವರೇ. ಸತ್ತ ಮೇಲೆ, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ತಲೆ ಆಡಿಸಿದರು. ಆದರೆ ಅಡುಗೆಮನೆಯಿಂದ ಅಮ್ಮ ಕೇಳಿದರು: “ಅವನಿಗೆ ಅಷ್ಟು ಅಳು ಬರುವುದಾದರೆ ಸಭೆಯಲ್ಲಿ ದ್ರೌಪದಿಯ ಅಳು ಕೇಳಲಿಲ್ಲವಾ?”

ಗಂಡಸರು ಅರ್ಥ ಹೇಳುವ ಊರಿನಲ್ಲಿ ಈ ಪ್ರಶ್ನೆ ಒಳಗಿನಿಂದಲೇ ಬರಬೇಕಾಯಿತು. ನಾವು ವಿದ್ಯಾರ್ಥಿಗಳು ಒಮ್ಮೆ ದುರ್ಯೋಧನನ ಪಕ್ಷ ಹಿಡಿದರೆ ಕಾವ್ಯದ ಮೊದಲ ಪುಟಗಳನ್ನೇ ಮರೆತುಬಿಡುತ್ತೇವೆ. ರನ್ನ ಮರೆತಿರಲಿಲ್ಲ. ಅವನು ಶುರುಮಾಡಿದ್ದೇ ದ್ರೌಪದಿಯಿಂದ. ಸಿಂಹಾವಲೋಕನದ ಕ್ರಮದಲ್ಲಿ ಹಿಂದೆ ತಿರುಗಿ ತಿರುಗಿ ನೋಡುತ್ತಾ ಹೋಗುವ ಈ ಕಥೆಯಲ್ಲಿ ಆ ಸಭೆ ಎಂದೂ ದೂರ ಇಲ್ಲ. ಅಮ್ಮನ ಪ್ರಶ್ನೆಯನ್ನು ನನ್ನ ಕಾಗದದ ಪಕ್ಕ ಇಟ್ಟು ನೋಡಿದರೆ ಎರಡೂ ಸೇರುತ್ತವೆ. ಸಭೆಯಲ್ಲಿ ಬದುಕಿದ ಹೆಂಗಸು ಎದುರು ನಿಂತು ಮಾತಾಡಿದಾಗ ಇವನು ಕೇಳಲಿಲ್ಲ. ಈಗ ಇವನು ಮಾತಾಡುತ್ತಾನೆ, ಎದುರು ಇರುವವರು ಕೇಳಲಾರರು. ನನ್ನ ಮಟ್ಟಿಗೆ ‘ಗದಾಯುದ್ಧ’ದ ಆಶಯ ಇಲ್ಲಿ ಉಂಟು: ಕೇಳಬೇಕಾದ ಹೊತ್ತಿಗೆ ಕೇಳದವನಿಗೆ ಹೇಳಬೇಕಾದ ಹೊತ್ತು ಬಂದಾಗ ಕಿವಿಗಳು ಉಳಿದಿರುವುದಿಲ್ಲ. ಇದು ಅವನನ್ನು ಬಿಡುಗಡೆ ಮಾಡುವ ಮಾತಲ್ಲ. ಅವನ ಅಳುವನ್ನು ಸುಳ್ಳು ಎನ್ನುವ ಮಾತೂ ಅಲ್ಲ.

ಇದಕ್ಕೆ ಒಂದು ಪರೀಕ್ಷೆ ಸಿಕ್ಕಿದ್ದು ನಾಟಕದಲ್ಲಿ. ಭಾಸನ ‘ಊರುಭಂಗ’ ಇದೇ ಕಥೆಯ ಏಕಾಂಕ. ಭಾಸನ ಹೆಸರಿನ ನಾಟಕಗಳ ತಾಳೆಯೋಲೆಗಳನ್ನು ಟಿ. ಗಣಪತಿ ಶಾಸ್ತ್ರಿಗಳು ಪತ್ತೆಮಾಡಿ ತಿರುವನಂತಪುರದಿಂದ 1912ರಿಂದ ಅಚ್ಚು ಹಾಕಿಸಿದರು. ನಮ್ಮ ರಾಜ್ಯದ ಆ ತುದಿಯಿಂದ ಬಂದ ಪುಸ್ತಕವನ್ನು ಈ ತುದಿಯಲ್ಲಿ ಕನ್ನಡ ಅನುವಾದದಲ್ಲಿ ಓದಿದೆ. ಅಲ್ಲಿ ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಬಲರಾಮ ಸಿಟ್ಟಿನಿಂದ ಭೀಮನನ್ನು ಕೊಲ್ಲಲು ಹೊರಟರೆ ಇವನೇ ತಡೆಯುತ್ತಾನೆ, ಹಗೆ ಸಾಕು ಎನ್ನುತ್ತಾನೆ. ರನ್ನನ ದುರ್ಯೋಧನ ಮಾಡದ ಕೆಲಸ ಇದು. ಭಾಸನವನು ಒಳ್ಳೆಯವನು, ರನ್ನನವನು ಹಟಮಾರಿ ಎಂದು ಬರೆದರೆ ಸುಲಭ.

ಆದರೆ ಇಬ್ಬರ ಎದುರು ಯಾರು ಇದ್ದಾರೆ ಎಂದು ನೋಡಬೇಕು. ಭಾಸನಲ್ಲಿ ದುರ್ಜಯ ಎಂಬ ಪುಟ್ಟ ಮಗ ಬದುಕಿದ್ದಾನೆ. ಅಪ್ಪನ ತೊಡೆ ಏರಲು ಬರುತ್ತಾನೆ. ಏರಬೇಡ ಎನ್ನಬೇಕಾಗುತ್ತದೆ. ಇಡೀ ಸೋಲು ಆ ಒಂದು ಮಾತಿನಲ್ಲಿ ಉಂಟು. ಆಮೇಲೆ ಅವನು ಮಗನಿಗೆ ಹೇಳುತ್ತಾನೆ: ನನ್ನನ್ನು ನೋಡಿಕೊಂಡ ಹಾಗೆ ಪಾಂಡವರನ್ನು ನೋಡಿಕೋ, ದ್ರೌಪದಿಯನ್ನು ತಾಯಿಯ ಹಾಗೆ ಕಾಣು. ಮುಂದೆ ಬದುಕಬೇಕಾದ ಒಂದು ಮಗು ಎದುರು ಇದ್ದಾಗ ಹಗೆ ಮುಗಿಯಲೇಬೇಕು. ರನ್ನನಲ್ಲಿ ಮಗ ಹೆಣವಾಗಿದ್ದಾನೆ. ಸಂಧಿ ಯಾರಿಗಾಗಿ? ಒಂದೇ ಕಥೆ, ಒಂದೇ ಮನುಷ್ಯ, ಕೇಳುವ ಒಬ್ಬ ಮಗ ಇದ್ದರೆ ಒಂದು ಆಶಯ, ಇಲ್ಲದಿದ್ದರೆ ಇನ್ನೊಂದು. ಆಶಯ ಎಂಬುದು ಪಾತ್ರದ ಗುಣದ ಪಟ್ಟಿಯಲ್ಲಿ ಇಲ್ಲ, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದರಲ್ಲಿ ಉಂಟು ಎಂದು ಆಗ ನನಗೆ ಗಟ್ಟಿಯಾಯಿತು.

ನನ್ನ ಈ ಓದಿಗೂ ಎದುರು ಅರ್ಥ ಇಲ್ಲದಿಲ್ಲ. ರನ್ನನ ಭೀಮನನ್ನು ನಾನು ಬದಿಗೆ ತಳ್ಳಿದ್ದೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ನೀರಿನ ಒಳಗೆ ಅಡಗಿದವನನ್ನೂ ಬೆವರಿಸುವ ಆ ಗರ್ಜನೆಗೆ ಒಂದು ನ್ಯಾಯ ಉಂಟು, ಅದು ದ್ರೌಪದಿಯ ಪರವಾದ ನ್ಯಾಯ. ಯಾರಾದರೂ ಅದನ್ನು ಹಿಡಿದು ಇಡೀ ಕಾವ್ಯಕ್ಕೆ ಅರ್ಥ ಹೇಳಲಿ. ಕೇಳಲು ನಾನು ತಯಾರು.

ಈಗ ಸಂಜೆ ವಾಚನಾಲಯಕ್ಕೆ ಬರುವ ಮಕ್ಕಳು ನನ್ನ ಹತ್ತಿರ ಇಂಥ ಪ್ರಶ್ನೆ ತರುತ್ತಾರೆ. ಗಡಿ ಈಚೆ ಕನ್ನಡ ಓದುವವರು ಕಡಿಮೆಯಾಗುತ್ತಿದ್ದಾರೆ, ಇರುವವರಿಗೆ ಗೈಡೇ ಗತಿ. ನಾನು ಗೈಡು ಬಿಸಾಡಿ ಎನ್ನುವುದಿಲ್ಲ. ಪರೀಕ್ಷೆಗೆ ಅಂಕ ಬೇಕು. ಗೈಡಿನ ಉತ್ತರವನ್ನು ಮೊದಲ ಅರ್ಥಧಾರಿಯ ಮಾತು ಎಂದು ತಿಳಿಯಿರಿ, ಎದುರು ನೀವು ಕುಳಿತುಕೊಳ್ಳಿ ಎನ್ನುತ್ತೇನೆ. ಆ ಉತ್ತರಕ್ಕೆ ಒಗ್ಗದ ಒಂದು ಪದ್ಯ ಹುಡುಕಿ. ಅದನ್ನು ಪೂರ್ತಿ ಓದಿ, ಅರ್ಧಕ್ಕೆ ನಿಲ್ಲಿಸಬೇಡಿ. ಆ ಮಾತು ಯಾರಿಗೆ ಹೇಳಿದ್ದು, ಕೇಳುವವರು ಬದುಕಿದ್ದಾರಾ ನೋಡಿ. ಮತ್ತೆ ಮನೆಗೆ ಹೋಗಿ ಗಟ್ಟಿಯಾಗಿ ಓದಿ. ಒಳಗಿನಿಂದ ಯಾರಾದರೂ ಒಂದು ಪ್ರಶ್ನೆ ಕೇಳಬಹುದು.

ಕಳೆದ ವಾರ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು ಕೇಳಿದಳು: “ಮಾಷ್ಟ್ರೇ, ದುರ್ಯೋಧನ ಹೆಣಗಳ ಹತ್ತಿರ ಮಾತಾಡುವಾಗ ಸಂಜಯ ಪಕ್ಕದಲ್ಲೇ ಇದ್ದನಲ್ಲ, ಅವನು ಕೇಳಲಿಲ್ಲವಾ?”

ಹೌದು, ಸಂಜಯ ಇದ್ದ. ಕೇಳುವ ಒಂದು ಕಿವಿಯನ್ನು ರನ್ನ ಉಳಿಸಿದ್ದ. ನನ್ನ ಕಾಗದದ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಮತ್ತೊಮ್ಮೆ ಓದಬೇಕು.